ಭಾಗ ಬದಲಿಸುವ ಮೊದಲು ಅಳತೆ: ಓವನ್ ದೋಷ ಪತ್ತೆ ಮತ್ತು ಮನೆಯಲ್ಲೇ ದುರಸ್ತಿ

ಓವನ್ ಕಾಯುತ್ತಿಲ್ಲ ಎಂದಾಕ್ಷಣ ಹೊಸ ಎಲಿಮೆಂಟ್ (ಕಾಯುವ ರಾಡ್) ತಂದು ಹಾಕುವವರೇ ಹೆಚ್ಚು. ಆಮೇಲೂ ತಣ್ಣಗಿದ್ದರೆ ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಬದಲಿಸುತ್ತಾರೆ, ಅದಕ್ಕೂ ಬಗ್ಗದಿದ್ದರೆ ಕಂಟ್ರೋಲ್ ಬೋರ್ಡ್. ಇಷ್ಟೆಲ್ಲ ಆದ ಮೇಲೆ ಹಿಂಬದಿಯ ಟರ್ಮಿನಲ್‌ನಲ್ಲಿ ತಂತಿಯ ತುದಿಯೊಂದು ಕರಕಲಾಗಿ ಬಿಟ್ಟುಕೊಂಡಿರುವುದು ಕಣ್ಣಿಗೆ ಬೀಳುತ್ತದೆ. ಎಲೆಕ್ಟ್ರಿಕ್ ಓವನ್ ಒಳಗೆ ನಡೆಯುವುದು ತೀರ ಸರಳ: ಕರೆಂಟು ಬರಬೇಕು, ಸ್ವಿಚ್ ಅಥವಾ ರಿಲೇ (ಕಂಟ್ರೋಲ್ ಬೋರ್ಡ್ ನಡೆಸುವ ಸ್ವಿಚ್) ಅದನ್ನು ಎಲಿಮೆಂಟಿಗೆ ಬಿಡಬೇಕು, ಎಲಿಮೆಂಟ್ ಕಾಯಬೇಕು, ಸೆನ್ಸರ್ ಆ ಬಿಸಿಯನ್ನು ಸರಿಯಾಗಿ ಅಳೆಯಬೇಕು, ಬಾಗಿಲು ಅದನ್ನು ಒಳಗೇ ಹಿಡಿದಿಡಬೇಕು. ಇವುಗಳಲ್ಲಿ ಯಾವುದು ಕೈಕೊಟ್ಟಿದೆ ಎಂಬುದನ್ನು ಒಂದು ಸಾಧಾರಣ ಮಲ್ಟಿಮೀಟರ್ ಮತ್ತು ಒಂದು ಓವನ್ ಥರ್ಮಾಮೀಟರ್ ಬಹುಮಟ್ಟಿಗೆ ಹೇಳಿಬಿಡುತ್ತವೆ. ಅವು ಹೇಳುವ ತನಕ ಯಾವ ಭಾಗಕ್ಕೂ ದುಡ್ಡು ಸುರಿಯಬೇಡಿ.

ಮುಂದೆ ಬರುವುದು ಅಡುಗೆಮನೆಯ ಕಪಾಟಿನಲ್ಲಿ ಕೂರಿಸುವ ಎಲೆಕ್ಟ್ರಿಕ್ ಓವನ್, ಮೇಜಿನ ಮೇಲಿಡುವ ಓಟಿಜಿ ಮತ್ತು ಗ್ಯಾಸ್ ಓವನ್‌ಗಳಿಗೆ ಸಂಬಂಧಿಸಿದ್ದು. ಮೈಕ್ರೋವೇವ್ ಬೇರೆಯೇ ಯಂತ್ರ. ಅದರ ಹೊರಕವಚವನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್ 2,000 ವೋಲ್ಟ್‌ನ ಆಸುಪಾಸಿನ ಚಾರ್ಜನ್ನು ಹಿಡಿದಿಟ್ಟುಕೊಂಡಿರಬಲ್ಲದು, ಅದು ಪ್ರಾಣಕ್ಕೇ ಸಂಚಕಾರ. ಒಳಗಡೆ ಕಿಡಿ ಹಾರುತ್ತಿದ್ದರೆ ಪಕ್ಕದ ಗೋಡೆಯಲ್ಲಿ ಜಿಡ್ಡು ಹತ್ತಿ ಸುಟ್ಟ ಅಭ್ರಕದ ಹಾಳೆಯನ್ನು ಬದಲಿಸಬಹುದು, ತಟ್ಟೆ ತಿರುಗದಿದ್ದರೆ ಅದರಡಿಯ ಚಕ್ರದ ಬಳೆಯನ್ನು ತೊಳೆದಿಡಬಹುದು. ಮನೆಯವರ ಕೆಲಸ ಅಲ್ಲಿಗೆ ಮುಗಿಯಿತು.

ಕೈ ಹಾಕುವ ಮುನ್ನ

ಪ್ಲಗ್ ಇದ್ದರೆ ಕಿತ್ತು, ಅದರ ತುದಿ ಕಣ್ಣೆದುರೇ ಇರುವಂತೆ ಇಟ್ಟುಕೊಳ್ಳಿ. ಗೋಡೆಯೊಳಗಿಂದ ನೇರ ವೈರಿಂಗ್ ಬಂದಿರುವ ಓವನ್ ಆದರೆ ಬ್ರೇಕರ್ ಇಳಿಸಿ, ಮತ್ಯಾರೂ ಮೇಲೆತ್ತದಂತೆ ಟೇಪು ಸುತ್ತಿ ಚೀಟಿ ಅಂಟಿಸಿ. ಆಮೇಲೂ ಮೀಟರಿನಿಂದ ಖಚಿತಪಡಿಸಿಕೊಳ್ಳಬೇಕು: ಮೊದಲು ಕರೆಂಟು ಇದೆಯೆಂದು ಗೊತ್ತಿರುವ ಬೇರೊಂದು ಸಾಕೆಟ್‌ನಲ್ಲಿ ಮೀಟರ್ ಕೆಲಸ ಮಾಡುತ್ತಿದೆಯೇ ನೋಡಿ, ನಂತರ ಓವನ್‌ನ ಟರ್ಮಿನಲ್ ಬ್ಲಾಕ್‌ನಲ್ಲಿ ಲೈವ್ ಮತ್ತು ನ್ಯೂಟ್ರಲ್ ನಡುವೆ, ಲೈವ್ ಮತ್ತು ಅರ್ಥ್ ನಡುವೆ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆಯಿರಿ. ಮೂರೂ ಸೊನ್ನೆ ತೋರಿಸಬೇಕು. ಸ್ಕ್ರೂಡ್ರೈವರ್ ರೂಪದ ನಿಯಾನ್ ಟೆಸ್ಟರನ್ನು ಇಲ್ಲಿ ನಂಬಬೇಡಿ. ಅದು ಉರಿಯದಿದ್ದ ಮಾತ್ರಕ್ಕೆ ಕರೆಂಟು ಇಲ್ಲ ಎಂದಲ್ಲ.

ಈ ಬರಹದ ಎಲ್ಲ ಓಮ್ ಅಳತೆಗಳೂ (ಕರೆಂಟಿಗಿರುವ ತಡೆಯ ಅಳತೆ) ಕರೆಂಟು ಪೂರ್ತಿ ತೆಗೆದ ಸ್ಥಿತಿಯಲ್ಲಿ ಮಾಡುವಂಥವು. ಹಿಂಬದಿ ಬಿಚ್ಚಿಟ್ಟು, ಕರೆಂಟು ಕೊಟ್ಟು ಒಳಗಡೆ ವೋಲ್ಟ್ ಅಳೆಯುವ ಕೆಲಸವನ್ನು ಮನೆಯವರಿಗೆ ನಾವು ಶಿಫಾರಸು ಮಾಡುವುದಿಲ್ಲ. ಅದಿಲ್ಲದೆಯೂ ಒಂದೊಂದನ್ನೇ ಸರಿಯಿದೆ ಎಂದು ಬದಿಗಿಡುತ್ತಾ ಹೋದರೆ ಉತ್ತರ ಸಿಗುತ್ತದೆ.

ತಗಡಿನ ಅಂಚುಗಳು ಬ್ಲೇಡಿನಷ್ಟು ಚೂಪು, ಕೈಗವಸು ಹಾಕಿಕೊಳ್ಳಿ. ಓವನ್ 1980ರ ದಶಕಕ್ಕಿಂತ ಹಳೆಯದಾದರೆ ಬಾಗಿಲಿನ ಗ್ಯಾಸ್ಕೆಟ್ (ಅಂಚಿನ ಸುತ್ತಲಿನ ಸೀಲ್ ಪಟ್ಟಿ) ಮತ್ತು ಗೋಡೆಯೊಳಗಿನ ನಿರೋಧಕದಲ್ಲಿ ಕಲ್ನಾರು ಇರುವ ಸಾಧ್ಯತೆ ಉಂಟು. ಅಂಥದ್ದನ್ನು ಕೆದಕದೆ ಬಿಟ್ಟುಬಿಡುವುದೇ ಕ್ಷೇಮ.

ಕೆಟ್ಟಂತೆ ಕಂಡರೂ ಕೆಟ್ಟಿರದ ಓವನ್

ಕರೆಂಟು ಹೋಗಿ ಬಂದ ಮೇಲೆ ಗಡಿಯಾರ ಮಿಣುಕುತ್ತಿದ್ದರೆ ಸಮಯ ಹೊಂದಿಸುವ ತನಕ ಅನೇಕ ಓವನ್‌ಗಳು ಕಾಯುವುದಿಲ್ಲ. ಪ್ರೋಗ್ರಾಮರ್ ‘ಆಟೋ’ ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದರೂ ಅಷ್ಟೇ. ಕೈ ಅಥವಾ ಪಾತ್ರೆಯ ಚಿತ್ರವಿರುವ ಮ್ಯಾನ್ಯುಯಲ್ ಸ್ಥಿತಿಗೆ ತನ್ನಿ. ದೀಪ ಉರಿದು, ಫ್ಯಾನ್ ತಿರುಗಿ, ಪರದೆಯ ಮೇಲೆ ಎಲ್ಲವೂ ಸರಿಯಾಗಿ ಕಂಡರೂ ಒಳಗೆ ಬಿಸಿಯ ಸುಳಿವೇ ಇಲ್ಲವೆಂದರೆ ಡೆಮೊ ಮೋಡ್ ಆನ್ ಆಗಿರಬಹುದು. ಅಂಗಡಿಯಲ್ಲಿ ತೋರಿಸಲೆಂದು ಮಾಡಿದ ಈ ವ್ಯವಸ್ಥೆ ಹೊಸ ಓವನ್‌ಗಳಲ್ಲಿ ಕೆಲವೊಮ್ಮೆ ಹಾಗೇ ಉಳಿದುಬಿಡುತ್ತದೆ. ತೆಗೆಯುವ ವಿಧಾನ ಆಯಾ ಮಾದರಿಯ ಕೈಪಿಡಿಯಲ್ಲಿರುತ್ತದೆ. ಮಕ್ಕಳ ಲಾಕ್ ಕೂಡ ನೋಡಿ. ಓಟಿಜಿಯಲ್ಲಿ ಟೈಮರ್ ಸೊನ್ನೆಯಲ್ಲಿದ್ದರೆ ಯಾವ ರಾಡೂ ಕಾಯದು. ಹತ್ತು ನಿಮಿಷಕ್ಕಿಂತ ಕಡಿಮೆ ಬೇಕಿದ್ದಾಗ ನಾಬನ್ನು ಮೊದಲು ಹತ್ತನ್ನು ದಾಟಿಸಿ ಆಮೇಲೆ ಹಿಂದಕ್ಕೆ ತರಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಸರಿಯಾಗಿ ಬಿಗಿಯುವುದಿಲ್ಲ.

ಆರಿಸಿದ ಮೇಲೂ ಅರ್ಧ ಗಂಟೆಯವರೆಗೆ ಫ್ಯಾನ್ ಸದ್ದು ಬರುವುದು ತಂಪುಗೊಳಿಸುವ ವ್ಯವಸ್ಥೆ. ಕಾಯುವಾಗ, ಆರುವಾಗ ತಗಡು ಟಪ್ ಟಪ್ ಎನ್ನುವುದು, ಬಾಗಿಲ ಮೇಲಂಚಿನಿಂದ ಆವಿ ಬರುವುದು, ಕೆಂಪಗೆ ಹೊಳೆಯುತ್ತಿದ್ದ ಎಲಿಮೆಂಟ್ ನಡುನಡುವೆ ಕಪ್ಪಾಗುವುದು ಎಲ್ಲವೂ ಸಹಜ.

ವೋಲ್ಟೇಜನ್ನೂ ಮರೆಯಬೇಡಿ. ಎಲಿಮೆಂಟಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟ್ ಬರಬೇಕಾದಲ್ಲಿ 200 ಬಂದರೆ ಬಿಸಿ ಸುಮಾರು ಕಾಲು ಭಾಗ ಕಡಿಮೆ. ದಿನದ ಕೆಲವು ಹೊತ್ತಿನಲ್ಲಿ ಮಾತ್ರ ನಿಧಾನವಾಗಿ ಕಾಯುವ ಓವನ್‌ನಲ್ಲಿ ದೋಷ ಹುಡುಕಿ ಫಲವಿಲ್ಲ.

ದೀಪ ಇದೆ, ಬಿಸಿ ಇಲ್ಲ

ದೀಪವೂ ಗಡಿಯಾರವೂ ಸತ್ತಿದ್ದರೆ ಹುಡುಕಾಟ ಗೋಡೆಯ ಕಡೆಯಿಂದ ಆರಂಭವಾಗಬೇಕು: ಬ್ರೇಕರ್, ಸಾಕೆಟ್, ಪ್ಲಗ್ ಒಳಗಿನ ಸ್ಕ್ರೂ, ವೈರ್, ಓವನ್ ಹಿಂದಿನ ಟರ್ಮಿನಲ್ ಬ್ಲಾಕ್. ಓವನ್ ಎಳೆಯುವ ಕರೆಂಟು ದೊಡ್ಡದು. 3,000 ವಾಟ್ ಅಂದರೆ 230 ವೋಲ್ಟ್‌ನಲ್ಲಿ 13 ಆಂಪಿಯರ್. ಸ್ಕ್ರೂ ಒಂದಿಷ್ಟು ಸಡಿಲಿದ್ದರೂ ಆ ಜಾಗ ಕಾದು, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಕೊನೆಗೆ ತಂತಿ ಸುಟ್ಟುಹೋಗುತ್ತದೆ. ಎರಡು ಲೈವ್ ತಂತಿಗಳಿಂದ 240 ವೋಲ್ಟ್ ಪಡೆಯುವ ದೊಡ್ಡ ಓವನ್‌ಗಳಲ್ಲಿ ಒಂದು ಲೈವ್ ಮಾತ್ರ ಹೋದರೆ ದೀಪ, ಗಡಿಯಾರ ನಡೆಯುತ್ತವೆ, ಎಲಿಮೆಂಟ್ ಮಾತ್ರ ಕಾಯುವುದಿಲ್ಲ. ಅಲ್ಲಿ ಮೊದಲು ನೋಡಬೇಕಾದದ್ದು ಜೋಡಿ ಬ್ರೇಕರನ್ನು.

ಕರೆಂಟು ಸರಿಯಿದೆ ಎಂದಾದ ಮೇಲೆ ಎಲಿಮೆಂಟಿಗೆ ಬನ್ನಿ. ಮೊದಲು ಕಣ್ಣಿಂದ ನೋಡಿ: ಗುಳ್ಳೆಯೆದ್ದ ಜಾಗ, ಸೀಳು, ಬಿಳಿಪುಡಿ ಹೊರಬಂದ ಗುರುತು ಇದ್ದರೆ ಮೀಟರ್ ಹಿಡಿಯುವ ಅಗತ್ಯವೇ ಇಲ್ಲ. ಏನೂ ಕಾಣದಿದ್ದರೆ ಎಲಿಮೆಂಟಿನ ಎರಡೂ ತುದಿಗಳಿಂದ ತಂತಿ ಬಿಡಿಸಿ ಓಮ್ ಅಳೆಯಿರಿ. ತಂತಿ ಬಿಡಿಸದೆ ಅಳೆದರೆ ಬೇರೆ ದಾರಿಯಿಂದ ಬರುವ ಓಮ್ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಎಷ್ಟು ಬರಬೇಕು ಎನ್ನುವುದಕ್ಕೆ ಲೆಕ್ಕ ಸುಲಭ: ವೋಲ್ಟೇಜನ್ನು ಅದರಿಂದಲೇ ಗುಣಿಸಿ, ವಾಟ್‌ನಿಂದ ಭಾಗಿಸಿ. 230 ವೋಲ್ಟ್‌ನ 1,000 ವಾಟ್ ಎಲಿಮೆಂಟಿಗೆ 53 ಓಮ್, 1,500 ವಾಟ್‌ಗೆ 35, 2,000 ವಾಟ್‌ಗೆ 26. ಒಳಗಿನ ನೈಕ್ರೋಮ್ ತಂತಿಯ ಓಮ್ ಬಿಸಿಯಾದಾಗಲೂ ಹೆಚ್ಚೇನೂ ಬದಲಾಗದ ಕಾರಣ ತಣ್ಣಗಿದ್ದಾಗ ಅಳೆದದ್ದೇ ಸಾಕು. ಶೇಕಡಾ 10ರೊಳಗಿನ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ. ಮೀಟರ್ ಅನಂತ ತೋರಿಸಿದರೆ ಎಲಿಮೆಂಟ್ ತುಂಡಾಗಿದೆ.

ಓಟಿಜಿಗಳಲ್ಲಿ ಒಂದು ವಿಶೇಷವಿದೆ. ಅನೇಕ ಮಾದರಿಗಳಲ್ಲಿ ಮೇಲಿನ ಎರಡು ರಾಡುಗಳನ್ನು ಒಂದರ ಹಿಂದೊಂದು ಸರಣಿಯಾಗಿ ಜೋಡಿಸಿರುತ್ತಾರೆ, ಕೆಳಗಿನ ಎರಡನ್ನೂ ಹಾಗೆಯೇ. ಆದ್ದರಿಂದ ಒಂದು ರಾಡ್ ಸತ್ತರೆ ಅದರ ಜೊತೆಗಾರನೂ ತಣ್ಣಗಾಗುತ್ತದೆ. ಎರಡೂ ಹೋಗಿವೆ ಎಂದು ತಿಳಿಯಬೇಡಿ, ಬೇರೆ ಬೇರೆಯಾಗಿ ಅಳೆಯಿರಿ. ಸರಣಿಯ ರಾಡಿಗೆ ಬರುವುದು ಅರ್ಧ ವೋಲ್ಟೇಜ್ ಮಾತ್ರ. ಅದರ ಮೇಲೆ 110 ಅಥವಾ 115 ವೋಲ್ಟ್ ಎಂದು ಬರೆದಿದ್ದರೆ ತಪ್ಪೆಂದುಕೊಂಡು 230 ವೋಲ್ಟ್‌ನದನ್ನು ತಂದು ಹಾಕಬೇಡಿ. ಉದ್ದ, ವ್ಯಾಸ, ವೋಲ್ಟ್, ವಾಟ್ ನಾಲ್ಕೂ ಹಳೆಯದರಂತೆಯೇ ಇರಬೇಕು.

ಎಲಿಮೆಂಟ್ ಬದಲಿಸುವುದು ಹೀಗೆ. ತಂತಿಗಳ ಜಾಗದ ಫೋಟೋ ತೆಗೆದುಕೊಳ್ಳಿ. ಎಲಿಮೆಂಟನ್ನು ಹಿಡಿದಿರುವ ಸ್ಕ್ರೂಗಳನ್ನು ಬಿಚ್ಚಿ, ಒಳಗಿನಿಂದ ನಿಧಾನವಾಗಿ ಮುಂದಕ್ಕೆಳೆಯಿರಿ. ತಂತಿಗಳು ನಾಲ್ಕೈದು ಬೆರಳಷ್ಟು ಹೊರಬಂದ ಕೂಡಲೇ ಅವಕ್ಕೆ ಕ್ಲಿಪ್ ಸಿಗಿಸಿ. ಹಿಂದಕ್ಕೆ ಜಾರಿ ನಿರೋಧಕದ ಹಿಂದೆ ಬಿದ್ದರೆ ಇಡೀ ಓವನ್ ಹೊರಗೆಳೆಯಬೇಕಾಗುತ್ತದೆ. ತಂತಿಯ ತುದಿಯ ಟರ್ಮಿನಲ್ ನೀಲಿ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದ್ದರೆ, ಸಿಗಿಸಿದಾಗ ಸಡಿಲವೆನಿಸಿದರೆ, ಅದನ್ನೇ ಹೊಸ ಎಲಿಮೆಂಟಿಗೆ ತೊಡಿಸಬೇಡಿ. ಸುಟ್ಟ ಭಾಗ ಕತ್ತರಿಸಿ, ಹೊಳೆಯುವ ತಾಮ್ರ ಸಿಗುವ ತನಕ ಹೆರೆದು, ಹೆಚ್ಚು ಬಿಸಿ ತಾಳುವ ನಿಕ್ಕಲ್ ಲೇಪಿತ ಟರ್ಮಿನಲ್ ಹಾಕಿ ಕ್ರಿಂಪ್ ಮಾಡಿ, ಅಂದರೆ ಇಕ್ಕಳದಿಂದ ಅದುಮಿ ಬಿಗಿಯಿರಿ. ಹೊಸ ಎಲಿಮೆಂಟ್ ಕೆಲವೇ ವಾರಗಳಲ್ಲಿ ಕೈಕೊಟ್ಟಿತು ಎಂಬ ದೂರಿನ ಹಿಂದೆ ಬಹುಪಾಲು ಈ ಹಳೆಯ ಟರ್ಮಿನಲ್ಲೇ ಇರುತ್ತದೆ.

ಬೆಸುಗೆ ಹಾಕಿ ಸೇರಿಸುವ ಯೋಚನೆಯನ್ನೂ ಬಿಡಿ. ತವರ-ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗಲಾರಂಭಿಸುತ್ತದೆ, ಓವನ್ ಗೋಡೆಯ ಪಕ್ಕದಲ್ಲಿ ಅದಕ್ಕೆ ಉಳಿಗಾಲವಿಲ್ಲ. ಮನೆ ವೈರಿಂಗಿನ ಸಾಮಾನ್ಯ ಪಿವಿಸಿ ತಂತಿಯೂ ಬೇಡ, ಅದರ ಹೊದಿಕೆ ತಾಳುವುದು ಸುಮಾರು 70 ಡಿಗ್ರಿ. ಸಿಲಿಕೋನ್ ಹೊದಿಕೆಯದು 180ರವರೆಗೆ ಬರುತ್ತದೆ, ಎಲಿಮೆಂಟಿನ ತೀರ ಹತ್ತಿರಕ್ಕೆ ಗಾಜುನಾರಿನ ಹೊದಿಕೆಯ ತಂತಿಯೇ ಸರಿ.

ಎಲಿಮೆಂಟ್ ಸರಿಯಿದ್ದರೆ ಮುಂದಿನ ಅನುಮಾನ ಥರ್ಮಲ್ ಕಟ್‌ಔಟ್ ಮೇಲೆ. ಓವನ್ ಹಿಂಬದಿಯಲ್ಲೋ ಮೇಲ್ಭಾಗದಲ್ಲೋ ಇರುವ, ನಾಣ್ಯದಷ್ಟು ಅಗಲದ ಚಿಕ್ಕ ಭಾಗವಿದು. ಮಿತಿಮೀರಿ ಕಾದಾಗ ಕರೆಂಟು ಕಡಿಯುವುದು ಇದರ ಕೆಲಸ. ತಣ್ಣಗಿದ್ದಾಗ ಎರಡು ಕಾಲುಗಳ ನಡುವೆ ಸೊನ್ನೆಗೆ ಹತ್ತಿರದ ಓಮ್ ಇರಬೇಕು. ಕೆಲವದರ ನಡುವೆ ಒತ್ತಿ ಮರುಹೊಂದಿಸುವ ಗುಂಡಿ ಇರುತ್ತದೆ. ಅದು ಹಾರಿದ್ದರೆ ಕಾರಣ ಹುಡುಕಲೇಬೇಕು: ತಂಪು ಫ್ಯಾನ್ ನಿಂತಿರಬಹುದು, ಗಾಳಿಕಿಂಡಿಗೆ ಏನಾದರೂ ಅಡ್ಡ ಬಂದಿರಬಹುದು, ಕಪಾಟಿನಲ್ಲಿ ಹಿಂದೆ ಜಾಗವೇ ಬಿಟ್ಟಿರಲಿಕ್ಕಿಲ್ಲ. ಓವನ್ ಒಳಗೋಡೆಯನ್ನು 480 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಜಿಡ್ಡನ್ನು ಬೂದಿಯಾಗಿಸುವ ಸ್ವಯಂ ಸ್ವಚ್ಛತೆಯ ಸುತ್ತಿನ ನಂತರ ಇದು ಹಾರಿರುವುದೂ ಉಂಟು. ಇದರ ಎರಡು ತಂತಿಗಳನ್ನು ನೇರವಾಗಿ ಸೇರಿಸಿ ಓವನ್ ನಡೆಸುವುದು ಮನೆಗೆ ಬೆಂಕಿಯಿಡುವ ಕೆಲಸ. ಅದನ್ನು ಯಾರು ಹೇಳಿಕೊಟ್ಟರೂ ಮಾಡಬೇಡಿ.

ನಾಬ್ ಇರುವ ಓವನ್‌ನಲ್ಲಿ ಥರ್ಮೋಸ್ಟಾಟ್ ನಾಬನ್ನು 200ಕ್ಕೆ ತಿರುಗಿಸಿಟ್ಟು ಅದರ ಕಾಲುಗಳ ನಡುವೆ ಅಳೆದರೆ ಸೊನ್ನೆ ಓಮ್, ಆಫ್‌ಗೆ ತಂದಾಗ ಅನಂತ ಬರಬೇಕು. ಫಂಕ್ಷನ್ ಆರಿಸುವ ಸ್ವಿಚ್‌ಗೂ ಇದೇ ಪರೀಕ್ಷೆ. ಡಿಜಿಟಲ್ ಓವನ್‌ನಲ್ಲಿ ಎಲಿಮೆಂಟ್, ಕಟ್‌ಔಟ್, ಸೆನ್ಸರ್, ತಂತಿಗಳು ಎಲ್ಲವೂ ಸರಿ ಬಂದರೆ ಉಳಿಯುವುದು ಬೋರ್ಡಿನ ರಿಲೇ. ಬೋರ್ಡಿಗೆ ದುಡ್ಡು ಕೊಡಬೇಕಾದದ್ದು ಈ ಹಂತದಲ್ಲಿ, ಅದಕ್ಕೆ ಮೊದಲು ಅಲ್ಲ.

ಬ್ರೇಕರ್ ಬೀಳುತ್ತಿದ್ದರೆ

ಬೀಳುವುದು ಯಾವುದು, ಯಾವಾಗ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆದಂತೆ. ಎಂಸಿಬಿ (ಮಿತಿಮೀರಿದ ಕರೆಂಟನ್ನು ಕಡಿಯುವ ಬ್ರೇಕರ್) ಬಿದ್ದರೆ ಶಾರ್ಟ್ ಆಗಿದೆ, ಇಲ್ಲವೇ ಅದೇ ಸರ್ಕ್ಯೂಟಿಗೆ ಬೇರೆ ದೊಡ್ಡ ಉಪಕರಣವೂ ಸೇರಿ ಹೊರೆ ಮೀರಿದೆ. ಆರ್‌ಸಿಸಿಬಿ (ಸೋರಿಕೆ ಗುರುತಿಸಿ ಕರೆಂಟು ಕಡಿಯುವ ಬ್ರೇಕರ್) ಬಿದ್ದರೆ ಎಲ್ಲೋ ಕರೆಂಟು ಓವನ್ ಮೈಗೆ ಸೋರುತ್ತಿದೆ. ಒಂದು ಫಂಕ್ಷನ್ ಆರಿಸಿದ ಕ್ಷಣವೇ ಬಿದ್ದರೆ ಆ ಫಂಕ್ಷನ್ನಿನ ಎಲಿಮೆಂಟೇ ತಪ್ಪಿತಸ್ಥ. ಹತ್ತು ಹದಿನೈದು ನಿಮಿಷ ಕಾದ ಮೇಲೆ ಬಿದ್ದರೆ ಬಿಸಿಯಾದಾಗ ಮಾತ್ರ ಸೋರುವ ಎಲಿಮೆಂಟ್ ಎಂದು ತಿಳಿಯಿರಿ. ಓವನ್ ಆಫ್ ಇದ್ದಾಗಲೂ ಬೀಳಬಹುದು. ಸ್ವಿಚ್ ಲೈವನ್ನು ಮಾತ್ರ ಕಡಿದು ನ್ಯೂಟ್ರಲ್ ಜೋಡಿಕೊಂಡೇ ಇರುವ ಓವನ್‌ಗಳಲ್ಲಿ ನ್ಯೂಟ್ರಲ್‌ನಿಂದ ಅರ್ಥ್‌ಗೆ ಸೋರಿಕೆಯಾದರೂ ಆರ್‌ಸಿಸಿಬಿ ಗುರುತಿಸುತ್ತದೆ.

ಎಲಿಮೆಂಟಿನ ಕೊಳವೆಯೊಳಗೆ ಕಾಯುವ ತಂತಿಯ ಸುತ್ತ ಮೆಗ್ನೀಷಿಯಂ ಆಕ್ಸೈಡ್ ಪುಡಿ ತುಂಬಿರುತ್ತಾರೆ. ಅದು ಬಿಸಿಯನ್ನು ಹಾಯಿಸುತ್ತದೆ, ಕರೆಂಟನ್ನು ತಡೆಯುತ್ತದೆ. ಆದರೆ ಆ ಪುಡಿಗೆ ತೇವ ಹೀರುವ ಗುಣವಿದೆ. ತಿಂಗಳುಗಟ್ಟಲೆ ಬಳಸದ ಓವನ್ ಮಳೆಗಾಲದಲ್ಲಿ ಹಚ್ಚಿದ ಕೂಡಲೇ ಬ್ರೇಕರ್ ಬೀಳಿಸುವುದು ಇದರಿಂದಲೇ. ತಂತಿ ಬಿಡಿಸಿದ ಎಲಿಮೆಂಟಿನ ಒಂದು ತುದಿ ಮತ್ತು ಲೋಹದ ಹೊರಮೈ ನಡುವೆ ಅಳೆಯಿರಿ. ಮಲ್ಟಿಮೀಟರ್‌ನಲ್ಲಿ ಏನಾದರೂ ಓಮ್ ಕಂಡರೆ ದೋಷ ಖಚಿತ. ಏನೂ ಕಾಣದಿದ್ದರೆ ಎಲಿಮೆಂಟ್ ನಿರ್ದೋಷಿ ಎಂದು ತೀರ್ಮಾನಿಸಬೇಡಿ, ಕೆಲವು ವೋಲ್ಟ್‌ನಲ್ಲಿ ಅಳೆಯುವ ಮಲ್ಟಿಮೀಟರಿಗೆ ಸಣ್ಣ ಸೋರಿಕೆ ಕಾಣಿಸದು. 500 ವೋಲ್ಟ್‌ನ ಮೆಗ್ಗರ್ (ಹೆಚ್ಚು ವೋಲ್ಟೇಜಿನಲ್ಲಿ ಸೋರಿಕೆ ನೋಡುವ ಮೀಟರ್) ಎರವಲು ಸಿಕ್ಕರೆ ಅದರಿಂದ ನೋಡಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಬಳಸಬಾರದು.

ತೇವವೇ ಕಾರಣವಾಗಿದ್ದರೆ ಒಣಗಿಸಿ ಉಳಿಸಬಹುದು. ಸೋರುವ ಎಲಿಮೆಂಟಿನ ಎರಡೂ ತಂತಿಗಳನ್ನು ಬಿಡಿಸಿ, ಒಂದೊಂದನ್ನೂ ಪಿಂಗಾಣಿ ಕನೆಕ್ಟರಿನಲ್ಲಿ ಮುಚ್ಚಿ, ಹಿಂಬದಿಯ ತಗಡನ್ನು ಪೂರ್ತಿ ಹಾಕಿದ ಮೇಲೆ ಇನ್ನೊಂದು ಎಲಿಮೆಂಟಿನಿಂದ ಓವನನ್ನು 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿ. ಪೂರ್ತಿ ಆರಿದ ನಂತರ ಮತ್ತೆ ಅಳೆಯಿರಿ. ಓಮ್ ಏರಿದ್ದರೆ ಉಳಿಯಿತು. ಏರದಿದ್ದರೆ ಹೊರಕೊಳವೆ ಬಿರುಕು ಬಿಟ್ಟಿದೆ, ಹೊಸದೇ ಗತಿ. ಬ್ರೇಕರ್ ಬೀಳುತ್ತದೆಂದು ಅರ್ಥ್ ತಂತಿ ಕಿತ್ತುಹಾಕುವವರಿದ್ದಾರೆ. ಆಗ ಬ್ರೇಕರ್ ಬೀಳುವುದು ನಿಲ್ಲುತ್ತದೆ, ಓವನ್ ಮುಟ್ಟಿದವರಿಗೆ ಶಾಕ್ ಹೊಡೆಯಲು ಶುರುವಾಗುತ್ತದೆ.

ಕಾಯುತ್ತದೆ, ಆದರೆ ತಪ್ಪಾಗಿ

ಕೇಕ್ ಮೇಲೆ ಕರಕಲು, ಒಳಗೆ ಹಸಿ. ಅಥವಾ ಹೇಳಿದ ಸಮಯಕ್ಕಿಂತ ಅರ್ಧ ಗಂಟೆ ಹೆಚ್ಚು ಬೇಕಾಗುತ್ತಿದೆ. ಇಲ್ಲಿ ಓವನ್ ಥರ್ಮಾಮೀಟರ್ ಬೇಕು. ಗನ್ ಹಾಗೆ ಹಿಡಿದು ಗುರಿಯಿಡುವ ಇನ್ಫ್ರಾರೆಡ್ ಮೀಟರ್ ಹೊಳೆಯುವ ಲೋಹದ ಮೇಲೆ ತಪ್ಪು ತೋರಿಸುತ್ತದೆ, ಮೇಲಾಗಿ ಅದು ಅಳೆಯುವುದು ಮೇಲ್ಮೈಯನ್ನು, ಗಾಳಿಯನ್ನಲ್ಲ.

ಥರ್ಮಾಮೀಟರನ್ನು ಖಾಲಿ ಓವನ್‌ನ ನಡು ರ್‍ಯಾಕಿನ ನಡುವೆ ನಿಲ್ಲಿಸಿ, 180ಕ್ಕೆ ಇಟ್ಟು 30 ನಿಮಿಷ ಬಿಡಿ. ಬಾಗಿಲು ತೆರೆಯದೆ ಗಾಜಿನ ಮೂಲಕ ಮುಂದಿನ ಅರ್ಧ ಗಂಟೆಯಲ್ಲಿ ಐದೈದು ನಿಮಿಷಕ್ಕೊಮ್ಮೆ ಓದಿ ಬರೆದುಕೊಳ್ಳಿ. ಥರ್ಮೋಸ್ಟಾಟ್ ಆನ್ ಆಫ್ ಆಗುತ್ತಾ ಇರುವುದರಿಂದ ಬಿಸಿ 10-15 ಡಿಗ್ರಿ ಮೇಲೆ ಕೆಳಗೆ ಓಡಾಡುವುದು ಸಹಜ. ಒಂದೇ ಒಂದು ಸಲ ಓದಿ ತೀರ್ಪು ಕೊಟ್ಟರೆ ತಪ್ಪುತ್ತದೆ. ಓದಿದ್ದರ ಸರಾಸರಿ 180ಕ್ಕೆ 10 ಡಿಗ್ರಿ ಆಚೀಚೆ ಇದ್ದರೆ ಓವನ್ ಸರಿಯಿದೆ. 20ರವರೆಗಿನ ಸ್ಥಿರ ವ್ಯತ್ಯಾಸವನ್ನು ಹಲವು ಡಿಜಿಟಲ್ ಓವನ್‌ಗಳ ಸೆಟ್ಟಿಂಗ್‌ನಲ್ಲೇ ತಿದ್ದಬಹುದು. ನಾಬ್ ಇರುವುದರಲ್ಲಿ ತಿದ್ದುವ ಬದಲು ನಾಬನ್ನು ಅಷ್ಟು ಹೆಚ್ಚು ಅಥವಾ ಕಡಿಮೆ ಇಡುವುದೇ ಜಾಣತನ. 40 ಡಿಗ್ರಿ ದಾಟಿದರೆ ಭಾಗವೊಂದು ಕೆಟ್ಟಿದೆ.

ಡಿಜಿಟಲ್ ಓವನ್‌ನ ಸೆನ್ಸರ್ ಹೆಚ್ಚಾಗಿ ಪ್ಲಾಟಿನಂನದು. ಪಿಟಿ1000 ಎಂಬ ಬಗೆ 0 ಡಿಗ್ರಿಯಲ್ಲಿ 1,000 ಓಮ್, 25ರಲ್ಲಿ ಸುಮಾರು 1,097, 200ರಲ್ಲಿ ಸುಮಾರು 1,758 ತೋರಿಸುತ್ತದೆ. ಪಿಟಿ500 ಆದರೆ ಎಲ್ಲದರಲ್ಲೂ ಅರ್ಧ. ಅಂದರೆ ಪಿಟಿ1000ರಲ್ಲಿ ಒಂದು ಡಿಗ್ರಿಗೆ ನಾಲ್ಕು ಓಮ್‌ಗೆ ತುಸು ಕಡಿಮೆ. ಈ ಅಂಕಿ ನೆನಪಿಡಿ, ಯಾಕೆಂದರೆ ಸೆನ್ಸರ್ ಕನೆಕ್ಟರಿನಲ್ಲಿ ಕಿಲುಬು ಹಿಡಿದು 40 ಓಮ್ ಸೇರಿಕೊಂಡರೂ ಓವನ್ ತನ್ನನ್ನು ತಾನು 10 ಡಿಗ್ರಿ ಹೆಚ್ಚು ಬಿಸಿ ಎಂದು ನಂಬಿ ಕಡಿಮೆ ಕಾಯಿಸುತ್ತದೆ. ಮೊದಲು ಕನೆಕ್ಟರನ್ನು ನಾಲ್ಕೈದು ಸಲ ತೆಗೆದು ಹಾಕಿ ಮತ್ತೆ ಅಳೆಯಿರಿ. ಅದರಿಂದಲೇ ಸರಿಹೋದರೆ ಸೆನ್ಸರ್ ಕೊಳ್ಳುವ ಮಾತೇ ಇಲ್ಲ. ಸೆನ್ಸರ್ ತುದಿ ಗೋಡೆಗೆ ತಾಗಿಕೊಂಡಿದ್ದರೂ ತಪ್ಪು ಓದುತ್ತದೆ.

ನಾಬ್ ಓವನ್‌ನಲ್ಲಿ ಥರ್ಮೋಸ್ಟಾಟಿನಿಂದ ತೆಳುವಾದ ತಾಮ್ರದ ನಳಿಕೆಯೊಂದು ಓವನ್ ಒಳಗಿನ ಕಡ್ಡಿಯಂಥ ಬಲ್ಬಿಗೆ ಹೋಗುತ್ತದೆ. ಒಳಗಿನ ದ್ರವ ಕಾದು ಹಿಗ್ಗಿದಾಗ ಅದರ ಒತ್ತಡ ಸಂಪರ್ಕವನ್ನು ಬಿಡಿಸುತ್ತದೆ. ಈ ಕಡ್ಡಿ ಕ್ಲಿಪ್‌ನಿಂದ ಜಾರಿ ಎಲಿಮೆಂಟಿನ ಮೇಲೋ ನೆಲಕ್ಕೋ ಒರಗಿದ್ದರೆ ಮತ್ತೆ ಕ್ಲಿಪ್‌ಗೆ ಸಿಗಿಸಿದರಾಯಿತು, ದುರಸ್ತಿ ಮುಗಿಯಿತು. ನಳಿಕೆ ಮಡಿಚಿ ದ್ರವ ಸೋರಿದ್ದರೆ ಸಂಪರ್ಕ ಬಿಡಿಸುವ ಒತ್ತಡವೇ ಹುಟ್ಟುವುದಿಲ್ಲ, ಓವನ್ ನಿಲ್ಲದೆ ಕಾಯುತ್ತದೆ. ಆಗ ಥರ್ಮೋಸ್ಟಾಟ್ ಬದಲಿಸಲೇಬೇಕು. ಹೊಸದರ ನಳಿಕೆಯನ್ನು ಹಾಯಿಸುವಾಗ ಬೆರಳಿನ ದಪ್ಪಕ್ಕಿಂತ ಇಕ್ಕಟ್ಟಾಗಿ ಎಲ್ಲೂ ಬಗ್ಗಿಸಬೇಡಿ.

ನಿಲ್ಲದೆ ಕಾಯುವುದಕ್ಕೆ ಡಿಜಿಟಲ್ ಓವನ್‌ನಲ್ಲಿ ಇನ್ನೊಂದು ಕಾರಣ ಅಂಟಿಕೊಂಡ ರಿಲೇ. ಆಫ್ ಒತ್ತಿದರೂ ಬಿಸಿ ಇಳಿಯದಿದ್ದರೆ ಬೇರೇನನ್ನೂ ಯೋಚಿಸದೆ ಗೋಡೆಯ ಬ್ರೇಕರ್ ಇಳಿಸಿ, ಬಾಗಿಲು ಮುಚ್ಚಿಯೇ ಇರಲಿ. ದುರಸ್ತಿ ಆಗುವ ತನಕ ಆ ಓವನನ್ನು ಒಂದು ಸಲವೂ ಹಚ್ಚಬಾರದು.

ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನವಾಗಿ ಬೇಯುವುದನ್ನು ನೋಡಲು ಬ್ರೆಡ್ ಹೋಳುಗಳನ್ನು ರ್‍ಯಾಕಿನ ತುಂಬ ಹರಡಿ 180ರಲ್ಲಿ ಹತ್ತು ನಿಮಿಷ ಇಡಿ; ಕಂದುಬಣ್ಣದ ಹಂಚಿಕೆ ಬಿಸಿಯ ನಕ್ಷೆಯನ್ನೇ ಬಿಡಿಸಿಕೊಡುತ್ತದೆ. ಹೋಳುಗಳೆಲ್ಲ ಮೇಲಿನ ಅಥವಾ ಕೆಳಗಿನ ಬದಿಯಲ್ಲಿ ಮಾತ್ರ ಬಿಳಿಯಾಗಿದ್ದರೆ ಆ ಬದಿಯ ಎಲಿಮೆಂಟ್ ಸತ್ತಿದೆ, ಹಿಂದೆ ಮಾತ್ರ ಕಪ್ಪಾಗಿದ್ದರೆ ಫ್ಯಾನ್ ನಿಂತಿದೆ, ಬಾಗಿಲ ಕಡೆ ಬಿಳಿಯಾಗಿದ್ದರೆ ಬಿಸಿ ಹೊರಗೆ ಹೋಗುತ್ತಿದೆ. ಓವನ್ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿದ್ದರೆ ತೆಗೆದುಬಿಡಿ: ಅದು ಕೆಳಗಿನ ಎಲಿಮೆಂಟಿನ ಬಿಸಿಯನ್ನು ತಡೆದು ಎನಾಮೆಲ್ ಬಿರುಕು ಬಿಡುವಂತೆ ಮಾಡುತ್ತದೆ. ರ್‍ಯಾಕನ್ನು ಅಂಚಿನಿಂದ ಅಂಚಿಗೆ ಮುಚ್ಚುವ ದೊಡ್ಡ ಟ್ರೇ ಕೂಡ ಗಾಳಿಯ ಓಡಾಟ ನಿಲ್ಲಿಸುತ್ತದೆ.

ಬಾಗಿಲು, ಫ್ಯಾನ್, ದೀಪ

ಗ್ಯಾಸ್ಕೆಟ್ ಮತ್ತು ಬಾಗಿಲ ನಡುವೆ ಕಾಗದದ ಪಟ್ಟಿ ಸಿಗಿಸಿ ಮುಚ್ಚಿ ಎಳೆಯಿರಿ. ಸುತ್ತಲೂ ಒಂದೇ ಬಿಗಿ ಇರಬೇಕು. ಸಲೀಸಾಗಿ ಜಾರಿ ಬರುವ ಜಾಗದಲ್ಲಿ ಗ್ಯಾಸ್ಕೆಟ್ ಚಪ್ಪಟೆಯಾಗಿದೆ ಅಥವಾ ಗಟ್ಟಿಯಾಗಿದೆ. ಸಾಮಾನ್ಯವಾಗಿ ಮೂಲೆಗಳಲ್ಲಿ ಕೊಕ್ಕೆಗಳಿಂದ ಸಿಕ್ಕಿಸಿರುತ್ತಾರೆ, ಕೈಯಿಂದಲೇ ಕಿತ್ತು ಹೊಸದನ್ನು ಒತ್ತಬಹುದು. ಕೆಲವು ಓವನ್‌ಗಳಲ್ಲಿ ಕೆಳಗಿನ ಬದಿಗೆ ಗ್ಯಾಸ್ಕೆಟ್ ಬೇಕೆಂದೇ ಇರುವುದಿಲ್ಲ, ಹೊಸ ಗಾಳಿ ಒಳಬರುವ ದಾರಿ ಅದು. ಅದನ್ನು ಮುಚ್ಚಲು ಹೋಗಬೇಡಿ. ನೇಯ್ದ ಗಾಜುನಾರಿನ ಗ್ಯಾಸ್ಕೆಟ್ಟಿಗೆ ಓವನ್ ಕ್ಲೀನರ್ ತಾಗಿಸಬಾರದು.

ಬಾಗಿಲು ಕಳಚುವಾಗ ಎಚ್ಚರ. ಕೀಲಿನ ಸ್ಪ್ರಿಂಗ್ ತುಂಬ ಬಲವುಳ್ಳದ್ದು. ಬಾಗಿಲನ್ನು ಪೂರ್ತಿ ತೆರೆದು, ಎರಡೂ ಕೀಲುಗಳ ಚಿಕ್ಕ ಕೊಂಡಿಯನ್ನು ಲಾಕ್ ಸ್ಥಿತಿಗೆ ತಿರುಗಿಸಿದ ಮೇಲಷ್ಟೇ ಬಾಗಿಲನ್ನು ಅರ್ಧ ಮುಚ್ಚಿ ಮೇಲಕ್ಕೆತ್ತಿ. ಲಾಕ್ ಮಾಡದೆ ಎತ್ತಿದರೆ ಕೀಲು ಫಟಾರನೆ ಮುಚ್ಚಿ ಬೆರಳು ಜಜ್ಜುತ್ತದೆ. ಒಳಗಾಜಿನಲ್ಲಿ ಆಳವಾದ ಗೀರು ಅಥವಾ ಅಂಚಿನಲ್ಲಿ ಚೂರು ಹಾರಿದ್ದು ಕಂಡರೆ ಗಾಜು ಬದಲಿಸಿ, ಬಿಸಿಯಾದಾಗ ಇಡೀ ಗಾಜು ಒಮ್ಮೆಲೇ ಪುಡಿಯಾಗಬಹುದು.

ಫ್ಯಾನ್ ಸದ್ದು ಮಾಡಿದರೆ ಒಳಗಿನ ತಗಡು ಬಿಚ್ಚಿ ಎಲೆಗಳನ್ನು ಬೆರಳಿನಿಂದ ತಿರುಗಿಸಿ. ತಗಡಿಗೆ ಉಜ್ಜುತ್ತಿದ್ದರೆ ಎಲೆ ಬಾಗಿದೆ, ಸಲೀಸಾಗಿ ತಿರುಗದೆ ಬಿಗಿಯಾಗಿದ್ದರೆ ಬೇರಿಂಗ್ ಒಣಗಿದೆ. ಅಡುಗೆ ಎಣ್ಣೆ ಹಾಕಿದರೆ ಎರಡು ದಿನ ಸುಮ್ಮನಿದ್ದು ಆಮೇಲೆ ಅಂಟಾಗಿ ಗಟ್ಟಿಯಾಗುತ್ತದೆ. ಮೋಟರ್ ಬದಲಿಸುವುದೇ ದಾರಿ. ಎಲೆಯನ್ನು ಹಿಡಿದಿರುವ ನಟ್ ಅನೇಕ ಓವನ್‌ಗಳಲ್ಲಿ ಎಡಮರೆಯದು, ಬಲಕ್ಕೆ ತಿರುಗಿಸಿದರೆ ಸಡಿಲಾಗುತ್ತದೆ. ಇದು ಗೊತ್ತಿಲ್ಲದೆ ಬಲ ಹಾಕಿ ಶಾಫ್ಟ್ ಮುರಿದವರು ಬಹಳ.

ದೀಪಕ್ಕೆ 300 ಡಿಗ್ರಿ ತಾಳುವುದೆಂದು ಗುರುತಿರುವ ಓವನ್ ಬಲ್ಬೇ ಬೇಕು, ಸಾಮಾನ್ಯವಾಗಿ ಇ14 ಹೋಲ್ಡರಿನ 15 ಅಥವಾ 25 ವಾಟ್. ಎಲ್‌ಇಡಿ ಬಲ್ಬ್ ಹಾಕಿದರೆ ಒಳಗೇ ಕರಗುತ್ತದೆ.

ಗ್ಯಾಸ್ ಓವನ್

ಗ್ಯಾಸ್ ವಾಸನೆ ಬಂದರೆ ದುರಸ್ತಿಯ ಮಾತೇ ಇಲ್ಲ. ಮುಖ್ಯ ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಬನ್ನಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ವಾಲ್ವ್, ರೆಗ್ಯುಲೇಟರ್, ಗ್ಯಾಸ್ ಪೈಪಿನ ಜೋಡಣೆ ಇವು ಪರವಾನಗಿ ಇರುವವರ ಕೆಲಸ. ಮನೆಯಲ್ಲಿ ಮಾಡಬಹುದಾದದ್ದು ಬರ್ನರ್ ಮತ್ತು ಹೊತ್ತಿಸುವ ಭಾಗಗಳ ತನಕ.

ನಾಬ್ ಬಿಟ್ಟ ಕೂಡಲೇ ಉರಿ ಆರಿದರೆ ಥರ್ಮೋಕಪಲ್ ನೋಡಿ. ಜ್ವಾಲೆಯಲ್ಲಿ ಕಾಯುವ ಈ ಕಡ್ಡಿ ಕೆಲವು ಮಿಲಿವೋಲ್ಟ್‌ನಷ್ಟು ವೋಲ್ಟೇಜ್ ಹುಟ್ಟಿಸಿ ಸುರಕ್ಷಾ ವಾಲ್ವನ್ನು ತೆರೆದಿಡುತ್ತದೆ. ಹೊತ್ತಿದ ಮೇಲೆ ನಾಬನ್ನು 10-15 ಸೆಕೆಂಡ್ ಒತ್ತಿ ಹಿಡಿಯಿರಿ. ಆದರೂ ಆರಿದರೆ ಕಡ್ಡಿಯ ಮಸಿಯನ್ನು ಉಕ್ಕಿನ ನಾರಿನಿಂದ ಉಜ್ಜಿ, ತುದಿ ಜ್ವಾಲೆಯ ಒಳಗೇ ಇದೆಯೇ ನೋಡಿ. ಇಷ್ಟರಲ್ಲೇ ಬಹಳಷ್ಟು ಸರಿಹೋಗುತ್ತವೆ.

ಕಿಡಿ ದುರ್ಬಲವಾಗಿದ್ದರೆ ಎಲೆಕ್ಟ್ರೋಡ್ ಒರೆಸಿ ಒಣಗಿಸಿ, ಅದಕ್ಕೂ ಬರ್ನರಿಗೂ ನಡುವೆ 3ರಿಂದ 5 ಮಿಲಿಮೀಟರ್ ಅಂತರವಿಡಿ. ಬಿಳಿ ಪಿಂಗಾಣಿ ಬಿರುಕು ಬಿಟ್ಟಿದ್ದರೆ ಕಿಡಿ ಬೇರೆಡೆ ಹಾರುತ್ತದೆ. ಕಿಡಿಯ ಬದಲು ಕೆಂಪಗೆ ಕಾಯುವ ಇಗ್ನೈಟರ್ ಇರುವ ಮಾದರಿಗಳಲ್ಲಿ ಒಂದು ಮೋಸವಿದೆ: ಅದು ಹೊಳೆಯುತ್ತಿದ್ದರೂ ಕೆಟ್ಟಿರಬಹುದು. ಅದರ ಮೂಲಕ ಹರಿಯುವ ಕರೆಂಟೇ ಗ್ಯಾಸ್ ವಾಲ್ವನ್ನೂ ತೆರೆಯಬೇಕು. ಹಳತಾದಂತೆ ಕರೆಂಟು ಕುಗ್ಗಿ, ಹೊಳಪು ಇದ್ದರೂ ವಾಲ್ವ್ ತೆರೆಯುವುದಿಲ್ಲ. ಚಪ್ಪಟೆ ಬಗೆಗೆ 3.2ರಿಂದ 3.6 ಆಂಪಿಯರ್ ಬೇಕು. ಹೊಳೆಯಲಾರಂಭಿಸಿ ಒಂದೂವರೆ ನಿಮಿಷವಾದರೂ ಉರಿ ಹತ್ತದಿದ್ದರೆ ವಾಲ್ವನ್ನು ದೂರುವ ಮೊದಲು ಇಗ್ನೈಟರ್ ಬದಲಿಸಿ.

ಜ್ವಾಲೆ ನೀಲಿಯಾಗಿ ಸ್ಥಿರವಾಗಿರಬೇಕು. ಹಳದಿ ಉರಿ ಗಾಳಿ ಸಾಲುತ್ತಿಲ್ಲ ಎನ್ನುವುದರ ಗುರುತು, ಅದರ ಜೊತೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ಅದಕ್ಕೆ ವಾಸನೆಯಿಲ್ಲ. ಬರ್ನರ್ ತೂತುಗಳನ್ನು ಬ್ರಷ್‌ನಿಂದ ಸ್ವಚ್ಛ ಮಾಡಿ. ಗ್ಯಾಸ್ ಬರುವ ಜೆಟ್ಟಿಗೆ ಮಾತ್ರ ಸೂಜಿ ಚುಚ್ಚಬೇಡಿ, ಕೂದಲೆಳೆಯಷ್ಟು ಹಿಗ್ಗಿದರೂ ಗ್ಯಾಸಿನ ಪ್ರಮಾಣ ಬದಲಾಗುತ್ತದೆ. ಪೈಪಿನ ಗ್ಯಾಸಿಗೂ ಎಲ್‌ಪಿಜಿಗೂ ಜೆಟ್ ಬೇರೆ. ಸಂಪರ್ಕ ಬದಲಿಸಿದ ಮೇಲೆ ಉರಿ ಹಳದಿಯಾದರೆ ಅಲ್ಲೇ ಕಾರಣ.

ಮುಚ್ಚುವ ಮೊದಲು, ಮುಚ್ಚಿದ ಮೇಲೆ

ಹಿಂಬದಿಯ ತಗಡು ಹಾಕುವ ಮುನ್ನ ಎರಡು ಅಳತೆ ಬಾಕಿ. ಪ್ಲಗ್‌ನ ಅರ್ಥ್ ಪಿನ್ನಿಗೂ ಓವನ್‌ನ ಬಣ್ಣವಿಲ್ಲದ ಲೋಹಕ್ಕೂ ನಡುವೆ 1 ಓಮ್‌ಗಿಂತ ಕಡಿಮೆ ಬರಬೇಕು. ಲೈವ್ ಮತ್ತು ನ್ಯೂಟ್ರಲ್ ಪಿನ್‌ಗಳಿಂದ ಲೋಹಕ್ಕೆ ಯಾವ ಸಂಪರ್ಕವೂ ಇರಬಾರದು. ತಂತಿಗಳು ಓವನ್ ಗೋಡೆಗೆ, ಚೂಪು ಅಂಚಿಗೆ ತಾಗದಂತೆ ಕಟ್ಟಿ. ಪ್ಲಾಸ್ಟಿಕ್ ಟೈ ಬಿಸಿಗೆ ಹರಿಯುವುದರಿಂದ ಹಳೆಯ ಲೋಹದ ಕ್ಲಿಪ್‌ಗಳನ್ನೇ ಬಳಸಿ. ನಿರೋಧಕದ ಹಾಸು ಮೊದಲಿನಂತೆಯೇ ಕೂತಿರಲಿ.

ಹೊಸ ಎಲಿಮೆಂಟ್ ಹಾಕಿದ್ದರೆ ಕಿಟಕಿ ತೆರೆದಿಟ್ಟು ಖಾಲಿ ಓವನನ್ನು 250 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ. ತಯಾರಿಕೆಯ ಎಣ್ಣೆ ಸುಡುವ ತೆಳು ಹೊಗೆ ಬಂದು ನಿಲ್ಲುತ್ತದೆ. ಪ್ಲಾಸ್ಟಿಕ್ ಅಥವಾ ಮೀನಿನಂಥ ವಾಸನೆ ಬಂದರೆ ಅದು ವೈರಿಂಗ್ ಸುಡುತ್ತಿರುವುದು, ತಕ್ಷಣ ಬ್ರೇಕರ್ ಇಳಿಸಿ. ಆ ಅರ್ಧ ಗಂಟೆಯ ಕೊನೆಗೆ ಪ್ಲಗ್ ಮತ್ತು ವೈರನ್ನು ಹೊರಗಿನಿಂದ ಮುಟ್ಟಿ ನೋಡಿ: ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಸಾಕೆಟ್‌ನಲ್ಲಿ ಲೂಸ್ ಕನೆಕ್ಷನ್ ಇದೆ. ಟರ್ಮಿನಲ್ ಹೊಸದಾಗಿ ಕ್ರಿಂಪ್ ಮಾಡಿದ್ದರೆ ಹತ್ತಾರು ಸಲ ಬಳಸಿದ ಬಳಿಕ ಕರೆಂಟು ತೆಗೆದು ಒಮ್ಮೆ ಹಿಂಬದಿ ತೆರೆದು ನೋಡಿ. ಲೋಹ ಮೊದಲಿನಂತೆ ಹೊಳೆಯುತ್ತಿದ್ದರೆ ಜೋಡಣೆ ಗಟ್ಟಿಯಾಗಿದೆ. ನೀಲಿಗೆ ತಿರುಗುತ್ತಿದ್ದರೆ ಅದನ್ನು ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿ.